ಹಿತ್ತಲು ನಿಮ್ಮದು, ಗಾಳಿ ಎಲ್ಲರದು

ತನ್ನ ದನಿಯನ್ನು ತಾನೇ ಕಾಯುತ್ತ ನಿಲ್ಲುವುದು ನಾಚಿಕೆಯ ಕೆಲಸವೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದಲೇ ಕೈಯಲ್ಲೊಂದು ಪೊರಕೆ ಹಿಡಿದು ಗೇಟಿನ ಬಳಿ ಬಂದಿದ್ದಳು. ಅತ್ತೆ ಬೆಳಗ್ಗೆಯೇ ಗುಡಿಸಿ ಬಿಟ್ಟಿದ್ದ ಜಾಗವನ್ನು ಮತ್ತೆ ಗುಡಿಸುವ ನಟನೆ ಮಾಡುತ್ತಿದ್ದಳು. ಕಸದ ಗಾಡಿ ಇನ್ನೂ ಮೇಲಿನ ಬೀದಿಯಲ್ಲಿತ್ತು. ಅಲ್ಲಿಂದ ದನಿ ಮುರಿದು ಮುರಿದು ಬರುತ್ತಿತ್ತು; ಯಾರದೋ ಮನೆಯ ಮಿಕ್ಸಿಯಲ್ಲಿ ಒಂದು ಪದ ಅರೆದುಹೋಗಿ, ನಾಯಿಯ ಬೊಗಳಿಕೆಯಲ್ಲಿ ಇನ್ನೊಂದು ಕಳೆದುಹೋಗಿ. ಆದರೂ ಅದು ತನ್ನದೇ. ಮನೆಯಲ್ಲಿ ತೋಟದ ಕಸ ಸುಡಬಾರದೆಂಬ ಹೊಸ ನಿಯಮ ಬಂದಾಗ ವಾರ್ಡ್ ಕಚೇರಿಯ ಸಾಹೇಬರು ಅವಳ ಕೌಂಟರಿನ ಮುಂದೆ ನಿಂತು, ಗಾಡಿ ಮೈಕಲ್ಲಿ ನಿಮ್ಮ ದನಿಯಲ್ಲೇ ಹೇಳಿಸೋಣ ಮೇಡಂ, ಮಗುವಿಗೆ ಕೈ ತೊಳ್ಕೊ ಅಂದಹಾಗಿರುತ್ತೆ, ಯಾರಿಗೂ ಸಿಟ್ಟು ಬರಲ್ಲ ಎಂದಿದ್ದರು. ಮೇಲಿನಿಂದ ಬಂದ ಬರಹ 'ಸದರಿ ನಿಯಮದ ಅನ್ವಯ' ಎಂದು ಶುರುವಾಗಿ ಮುಗಿಯುವ ದಾರಿ ಸಿಗದೆ ಒದ್ದಾಡುತ್ತಿತ್ತು. ಅವಳು ಊಟದ ಹೊತ್ತಿನಲ್ಲಿ ಡಬ್ಬಿ ಪಕ್ಕಕ್ಕೆ ಸರಿಸಿ ಅದನ್ನು ಬಿಡಿಸಿ ಬರೆದಳು. ಎಲೆ, ಹುಲ್ಲು, ಕಡ್ಡಿ, ತೋಟದ ಯಾವ ಕಸವನ್ನೂ ಮನೆಯಲ್ಲಿ ಸುಡಬೇಡಿ. ಚೀಲದಲ್ಲಿ ತುಂಬಿ ಗುರುವಾರ ಗಾಡಿಗೆ ಕೊಡಿ. ಮೊದಲ ಸಲ ಎಚ್ಚರಿಕೆ, ಮರುಸಲ ದಂಡ. ಇಷ್ಟಾದ ಮೇಲೂ ಏನೋ ಬಾಕಿ ಉಳಿದಂತೆನಿಸಿ, ಕೈಗೆ ಬಂದದ್ದನ್ನು ಕೊನೆಗೆ ಸೇರಿಸಿದಳು: ಹಿತ್ತಲು ನಿಮ್ಮದು, ಗಾಳಿ ಎಲ್ಲರದು. ಸಾಹೇಬರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಈಗ ಆ ಮಾತು ಊರಿನದು. ಬಸ್ ನಿಲ್ದಾಣದಲ್ಲಿ ಯಾರಾದರೂ ಸಿಗರೇಟು ಹಚ್ಚಿದರೆ ಕಾಲೇಜಿನ ಹುಡುಗಿಯರು ಅವಳ ದನಿಯನ್ನೇ ಅಣಕಿಸಿ ಹೇಳಿ ನಗುತ್ತಾರೆ. ಪಕ್ಕದಲ್ಲೇ ನಿಂತವಳು ಅವಳೇ ಎಂದು ಗೊತ್ತಿಲ್ಲದೆ.

ಆದರೆ ತನ್ನ ಬೀದಿಯಲ್ಲಿ ಅದು ಹೇಗೆ ಕೇಳುತ್ತದೆಂದು ಅವಳಿಗೇ ತಿಳಿಯದು. ಗಾಡಿ ಇಲ್ಲಿಗೆ ಬರುವ ಮೊದಲೇ ಅವಳ ಬಸ್ಸು ಊರಿನ ಇನ್ನೊಂದು ತುದಿ ಮುಟ್ಟಿರುತ್ತಿತ್ತು. ಭಾನುವಾರ ಗಾಡಿಗೂ ರಜೆ. ಇವತ್ತು ರಜೆ, ತೆಗೆದುಕೊಳ್ಳದಿದ್ದರೆ ಕೊಳೆತು ಹೋಗುತ್ತದೆಂದು ಸಾಹೇಬರು ಒತ್ತಾಯಿಸಿದ ರಜೆ. ಬೆಳಗ್ಗೆ ಎದ್ದಾಗಿನಿಂದ ಮನಸ್ಸು ಒಂದೇ ಕಡೆ ಎಳೆಯುತ್ತಿತ್ತು, ಇವತ್ತು ಕೇಳಬಹುದು ಎಂದು. ಗಂಡ ಕಾರ್ಖಾನೆಯ ಪಾಳಿಗೆ ಹೋದ, ಮಗಳು ಶಾಲೆಗೆ ಹೋದಳು, ಅತ್ತೆ ಒಳಗೆ ಬೇಳೆ ಆರಿಸುತ್ತ ಕುಳಿತರು. ಅತ್ತೆಯೇ ಎಷ್ಟೋ ಸಲ ಹೇಳಿದ್ದುಂಟು. ನಿನ್ನ ದನಿ ಬಂದ ಕೂಡಲೆ ನಾನು ಒಲೆ ಸಣ್ಣ ಮಾಡಿ ನಿಂತುಬಿಡ್ತೀನಿ ಕಣೇ, ಕುಕ್ಕರ್ ಕೂಗಿದ್ರೆ ಅದಕ್ಕೂ ಬೈತೀನಿ, ಎಂದು. ಗಾಡಿ ಬೀದಿಯ ತಿರುವಿಗೆ ಬಂತು. ದನಿ ಮೂಲೆ ಮನೆಯ ಗೋಡೆಗೆ ಬಡಿದು ಒಮ್ಮೆಗೇ ದೊಡ್ಡದಾಯಿತು. ಎಲೆ, ಹುಲ್ಲು, ಕಡ್ಡಿ ಎಂದಾಗ ಅವಳ ಎದೆಯೊಳಗೆ ಯಾರೋ ಚಿಕ್ಕವರು ಚಪ್ಪಾಳೆ ತಟ್ಟಿದಂತಾಯಿತು. ಇಷ್ಟು ಚೆನ್ನಾಗಿದೆಯೆ ನನ್ನ ದನಿ? ಇದರಲ್ಲಿ ಆ ಸುಸ್ತು ಎಲ್ಲಿ, ತಿಂಗಳ ಕೊನೆಯ ಕಿರಿಕಿರಿ ಎಲ್ಲಿ, ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರನ ಜೊತೆ ಹಟ ಹಿಡಿಯುವ ಹೆಂಗಸು ಎಲ್ಲಿ? ತಲೆ ಬಾಚಿಕೊಂಡು, ನೆಟ್ಟಗೆ ಕುಳಿತು, ಯಾರ ಮೇಲೂ ಸಿಟ್ಟಿಲ್ಲದ ಒಬ್ಬಳು ಬೀದಿಯಲ್ಲಿ ನಡೆದು ಬರುತ್ತಿದ್ದಳು. ಮೂರನೆಯ ಮನೆ, ಎರಡನೆಯ ಮನೆ. ಆಮೇಲೆ, ಗಾಡಿಯ ಮೂಗು ಅವಳ ಗೇಟಿಗೆ ತಾಕುವ ಹೊತ್ತಿಗೆ, ದನಿ ಕುಗ್ಗಿತು. ಯಾರೋ ಬಾಯಿಗೆ ಕೈ ಅಡ್ಡ ಇಟ್ಟಹಾಗೆ. ಕಿವಿ ಹತ್ತಿರ ತಂದರೂ ಗುಸುಗುಸು ಮಾತ್ರ. ಗೇಟು ದಾಟಿತು, ಹಿತ್ತಲ ಬಾದಾಮಿ ಮರದ ಕೊಂಬೆ ಬೀದಿಗೆ ಬಾಗಿದ ಜಾಗ ದಾಟಿತು, ಅದರಾಚೆಯ ಖಾಲಿ ಸೈಟು ದಾಟಿತು. ಅಲ್ಲಿಂದ ಮತ್ತೆ ಎಂದಿನ ಗಟ್ಟಿತನದಲ್ಲಿ, ಗಾಳಿ ಎಲ್ಲರದು.

ಮಷಿನ್ ಕೆಟ್ಟಿದೆ ಎಂದುಕೊಂಡಳು. ಪೊರಕೆಯನ್ನು ಗೇಟಿಗೆ ಒರಗಿಸಿ ಚಪ್ಪಲಿ ಮೆಟ್ಟಿ ಗಾಡಿಯ ಹಿಂದೆಯೇ ಹೊರಟಳು. ಹೋಗುವಾಗ ಮನಸ್ಸಿನಲ್ಲಿ ಇದ್ದದ್ದು ಕಚೇರಿಯ ಕಾಳಜಿಯೇ, ಅಥವಾ ಕಚೇರಿಯ ಕಾಳಜಿ ಎಂದು ಅವಳು ನಂಬಿಕೊಂಡದ್ದು. ಡ್ರೈವರ್ ತಿರುವಿನಲ್ಲಿ ಗಾಡಿ ನಿಲ್ಲಿಸಿ ತುಂಬಿದ ಚೀಲಗಳನ್ನು ಒಳಕ್ಕೆ ಎಸೆಯುತ್ತಿದ್ದ. ಸಾಧು ಮನುಷ್ಯ, ಕಚೇರಿಯಲ್ಲಿ ಎಲ್ಲರೂ ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದರು, ಅವನೂ ಆ ಹೆಸರಿಗೆ ಓಗೊಡುತ್ತಿದ್ದ. ಅವಳನ್ನು ಕಂಡು ಗಡಿಬಿಡಿಯಿಂದ ಕೈ ಒರೆಸಿಕೊಂಡ. ಅವಳು ನಗುನಗುತ್ತಲೇ ಹೇಳಿದಳು: ನಮ್ಮ ಮನೆ ಹತ್ತಿರ ಬಂದಾಗ ಸದ್ದು ಬಿದ್ದುಹೋಯಿತಲ್ಲ, ವೈರು ಸಡಿಲ ಆಗಿರಬೇಕು, ನಾಳೆ ಬರೆದುಕೊಡುತ್ತೇನೆ, ಸರಿಮಾಡಿಸುತ್ತಾರೆ, ಎಂದು. ಅವನು ಗಾಡಿಯ ಕಡೆ ನೋಡಿದ, ಚೀಲದ ಕಡೆ ನೋಡಿದ, ಕೊನೆಗೆ ಅವಳ ಚಪ್ಪಲಿಯ ಕಡೆ ನೋಡಿದ.

"ಮಷಿನ್ ಸರಿ ಇದೆ ಮೇಡಂ. ನಾನೇ ಕಡಿಮೆ ಮಾಡೋದು."

 ಯಾಕೆಂದು ಕೇಳುವ ಮೊದಲೇ ಅವನು ಹೇಳಿದ, ತಪ್ಪು ತನ್ನದೇ ಎಂಬಂತೆ. "ಸಾಯಂಕಾಲದ ಟ್ರಿಪ್ಪಲ್ಲಿ ಈ ಕಡೆ ಬಂದಾಗ ನಿಮ್ಮ ಹಿತ್ತಲಲ್ಲಿ ಹೊಗೆ ಕಾಣುತ್ತೆ. ಅಮ್ಮ ಕೋಲು ಹಿಡ್ಕೊಂಡು ನಿಂತಿರ್ತಾರೆ. ನಿಮ್ಮ ಮಾತನ್ನ ನಿಮ್ಮ ಮನೆ ಮುಂದೇನೇ ಜೋರಾಗಿ ಹಾಕಿದ್ರೆ ಚೆನ್ನಾಗಿರಲ್ಲ ಅಂತ... ಹೊಟ್ಟೆಗೆ ಹಾಕ್ಕೊಳಿ ಮೇಡಂ."

ಮೊದಲಿನಿಂದಲೂ ಹೀಗೇ ಮಾಡುತ್ತಿದ್ದಾನೆ ಎಂಬುದೂ ತಿಳಿಯಿತು. ಅವಳು ಥ್ಯಾಂಕ್ಸ್ ಎಂದಳು. ಆ ಮಾತು ಬಾಯಿಂದ ಹೇಗೆ ಹೊರಟಿತೋ, ಯಾವುದಕ್ಕೆ ಹೊರಟಿತೋ, ಮನೆಗೆ ಮರಳುವಾಗ ದಾರಿಯುದ್ದಕ್ಕೂ ಅದು ಹಲ್ಲಿನ ಸಂದಿಯ ನಾರಿನಂತೆ ಕಾಡಿತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ದೂರು ಬಂದಿದ್ದರೆ ಮೇಜಿನ ಮೇಲಿಟ್ಟು ನೋಡಬಹುದಿತ್ತು. ಆದರೆ ಒಬ್ಬ ಮನುಷ್ಯ ಪ್ರತಿದಿನ ತನ್ನ ಗೇಟಿನ ಮುಂದೆ ಗುಂಡಿ ತಿರುಗಿಸಿ ತನ್ನ ಮಾನವನ್ನು ಮೆಲ್ಲಗೆ ದಾಟಿಸುತ್ತಿದ್ದಾನೆ. ಅದಕ್ಕೆ ಏನು ಮಾಡುವುದು? ಬೀದಿಯ ಕಿಟಕಿಗಳೆಲ್ಲ ಈಗ ಬೇರೆ ಥರ ಕಂಡವು. ಮೂಲೆ ಮನೆಯ ಹೆಂಗಸು ಬಟ್ಟೆ ಒಣಗಿಸುತ್ತ ನಕ್ಕಳು; ಆ ನಗೆಯಲ್ಲೂ ಗುಂಡಿ ತಿರುಗಿಸಿದ ಸದ್ದು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಒಬ್ಬರಾದರೂ ಮುಖಕ್ಕೆ ಹೊಡೆದಹಾಗೆ ಅನ್ನಬಾರದಿತ್ತೇ! ಯಾರೂ ಅನ್ನಲಿಲ್ಲ. ಇಡೀ ಬೀದಿ ಅವಳ ಮೇಲಿನ ಗೌರವದಿಂದ ಬಾಯಿಗೆ ಬಟ್ಟೆ ಇಟ್ಟುಕೊಂಡು ಕೆಮ್ಮುತ್ತಿತ್ತು.

ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಮನೆ ಸೇರಿ, ನೀರು ಕುಡಿದು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಾಗ ಅವಳಿಗೆ ಅತ್ತೆಯ ಬೆನ್ನು ಕಾಣುತ್ತಿತ್ತು, ಬೇಳೆಯ ತಟ್ಟೆಯ ಮೇಲೆ ಬಾಗಿದ ಆ ಕಿರಿದಾದ, ಗಟ್ಟಿ ಬೆನ್ನು. ಅತ್ತೆಯ ಕೂದಲಲ್ಲಿ ಹೊಗೆಯ ವಾಸನೆ ಇರುತ್ತಿತ್ತು. ಒಣಗಿದ ದಿಂಬಿನ ಹೊದಿಕೆಗಳಲ್ಲಿ ಇರುತ್ತಿತ್ತು. ಹಿತ್ತಲ ಮೂಲೆಯಲ್ಲಿ ಬುಟ್ಟಿ ಬೋರಲು ಹಾಕಿದ್ದು ಯಾಕೆಂದು ಅವಳು ಯಾವತ್ತೂ ಬುಟ್ಟಿ ಎತ್ತಿ ನೋಡಿರಲಿಲ್ಲ. ಎತ್ತಿದ್ದರೆ ಕೆಳಗೆ ಕಪ್ಪು ನೆಲ ಕಾಣುತ್ತಿತ್ತು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು, ಅಮ್ಮಾ ಇವತ್ತು ಅಜ್ಜಿ, ಎಂದು ಶುರುಮಾಡಿ, ಅಜ್ಜಿಯ ಮುಖ ನೋಡಿ, ತುತ್ತು ನುಂಗಿ, ಅಜ್ಜಿ ಚೆನ್ನಾಗಿ ಕತೆ ಹೇಳಿದ್ರು, ಎಂದು ಮುಗಿಸಿದ್ದಳು. ಅವಳು ಕತೆ ಯಾವುದೆಂದು ಕೇಳಲಿಲ್ಲ. ಒಮ್ಮೆ ಗಂಡನಿಗೆ ಆ ವಾಸನೆಯ ಮಾತು ಹೇಳಿದಾಗ ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ, ನಿನ್ನ ರೂಲ್ಸು, ನಿನ್ನ ಅತ್ತೆ, ನಾನು ಬಡಪಾಯಿ ಮಧ್ಯ ಯಾಕೆ, ಎಂದು ನಕ್ಕಿದ್ದ. ನೋಡದೆ ಇರುವುದೂ ಒಂದು ಮನೆಗೆಲಸ. ಅದನ್ನೂ ಅವಳು ಪಾತ್ರೆ ತೊಳೆದಷ್ಟೇ ಅಚ್ಚುಕಟ್ಟಾಗಿ ದಿನಾ ಮಾಡಿ ಮುಗಿಸುತ್ತಿದ್ದಳು. ಅತ್ತೆಯೂ ತಮ್ಮ ಪಾಲಿನದನ್ನು ಮಾಡುತ್ತಿದ್ದರು: ಅವಳ ಬಸ್ಸು ಬರುವ ಹೊತ್ತಿಗೆ ಬೆಂಕಿ ಆರಿರುತ್ತಿತ್ತು, ಬುಟ್ಟಿ ಬೋರಲಾಗಿರುತ್ತಿತ್ತು, ಟೀ ಬಿಸಿಯಾಗಿರುತ್ತಿತ್ತು.

ಇವತ್ತು ಮಾತ್ರ ಬಸ್ಸು ಬರುವುದಿಲ್ಲ. ಸಾಯಂಕಾಲ ಅವಳು ಇಲ್ಲೇ ಇರುತ್ತಾಳೆ. ಈ ಮಾತು ಅತ್ತೆಗೂ ಹೊಳೆದಿರಬೇಕು. ಮಧ್ಯಾಹ್ನದ ಹೊತ್ತಿಗೆ ಒಂದೆರಡು ಸಲ, ಎಲ್ಲಾದರೂ ಹೋಗಿ ಬಾರೇ, ರಜೆ ಅಂದ್ರೆ ಮನೇಲಿ ಕೂರೋದಾ, ಅಂಗಡಿ ಬೀದಿಗಾದರೂ ಹೋಗು, ಎಂದರು. ಅವಳು ಇಲ್ಲ ಅತ್ತೆ, ಸುಸ್ತು ಎಂದಳು. ಸುಸ್ತಾದವಳಿಗೆ ಅತ್ತೆ ತಲೆಗೆ ಎಣ್ಣೆ ಹಚ್ಚಲು ಕೂರಿಸಿಕೊಂಡರು. ಆ ಬೆರಳುಗಳು ನೆತ್ತಿಯ ಮೇಲೆ ಓಡಾಡುತ್ತಿದ್ದಾಗ ಅವಳಿಗೆ ಇದ್ದಕ್ಕಿದ್ದಂತೆ ಹಳೆಯ ಒಂದು ಬೆಳಗು ನೆನಪಾಗಿ ಕಣ್ಣು ತುಂಬಿತು. ಕೆಲಸಕ್ಕೆ ಕರೆ ಬಂದ ದಿನ. ಮಗಳು ಇನ್ನೂ ಹಾಲು ಕುಡಿಯುವ ಕೂಸು. ಅವಳು ಹೋಗುವುದಿಲ್ಲವೆಂದು ಹಟ ಹಿಡಿದು ಕೂತಿದ್ದಳು. ತವರಿನ ಅಮ್ಮ ಬೇಡವೆಂದಿದ್ದಳು, ಗಂಡ ನಿನ್ನಿಷ್ಟ ಎಂದು ಕೈ ತೊಳೆದುಕೊಂಡಿದ್ದ. ಅತ್ತೆ ಕೂಸನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಅವಳ ಚಪ್ಪಲಿ ತಂದು ಹೊಸಿಲ ಬಳಿ ಇಟ್ಟು, ಹೋಗು ಎಂದಿದ್ದರು. ಅಷ್ಟೇ. ಯಾಕೆ, ಏನು, ನನ್ನ ಕಾಲದಲ್ಲಿ ಅಂತೆಲ್ಲ ಒಂದು ಮಾತಿಲ್ಲ. ಆಮೇಲೂ ಆ ಉಪಕಾರವನ್ನು ಯಾವತ್ತೂ ಎತ್ತಿ ಆಡಲಿಲ್ಲ, ಜಗಳದಲ್ಲೂ. ಅವಳು ಕೌಂಟರಿನ ಹಿಂದೆ ಕುಳಿತು ಊರಿಗೆ ಮಾತು ಹೇಳುವವಳಾದದ್ದು, ಆ ದನಿ ಗಾಡಿ ಏರಿದ್ದು, ಎಲ್ಲ ಆ ಹೊಸಿಲಿನಿಂದ. ಅಂಥವರಿಗೆ ಇನ್ನು ಇವಳು ಹೇಳಬೇಕು, ಸುಡಬೇಡಿ ಎಂದು. ಹೇಳಿದರೆ ಆ ಹೋಗು ಎಂಬ ಮಾತಿಗೆ ಕೊಟ್ಟ ಉತ್ತರ ಇದೇ ಆಗಿಬಿಡುತ್ತದೇನೋ. ಹೇಳದಿದ್ದರೆ ನಾಳೆ ಕೌಂಟರಿನಲ್ಲಿ ಯಾವ ಮುಖ ಇಟ್ಟುಕೊಂಡು ಕೂರುವುದು? ಹೋದವಾರವಷ್ಟೇ ಇಸ್ತ್ರಿ ಅಂಗಡಿಯವನು ಬಂದು, ಮೇಡಂ ಒಂದು ಹಿಡಿ ಒಣಹುಲ್ಲು ಸುಟ್ಟಿದ್ದು ಅಷ್ಟೇ, ಎಂದು ಅಂಗಲಾಚಿದ್ದ. ಎರಡನೆಯ ಸಲ ಸಿಕ್ಕಿಬಿದ್ದವನು. ಅವಳು ಅದೇ ಮೆತ್ತಗಿನ ದನಿಯಲ್ಲಿ ನಿಯಮ ವಿವರಿಸಿ ದಂಡ ಕಟ್ಟಿಸಿಕೊಂಡಿದ್ದಳು. ಅವನು ಹೋಗುವಾಗ ನಮಸ್ಕಾರ ಮಾಡಿದ್ದ. ಅವನ ಅಂಗಡಿ ಇದೇ ಬೀದಿಯ ಕೊನೆಗೆ. ಸಾಯಂಕಾಲದ ಹೊಗೆ ಅವನ ಕಣ್ಣಿಗೂ ಬಿದ್ದೇ ಇರಬೇಕು. ಆದರೂ ಕೈ ಮುಗಿದು ಹೋದ. ಎಣ್ಣೆ ಕಣ್ಣಿಗೆ ಇಳಿಯಿತೇ, ಎಂದು ಅತ್ತೆ ಕೇಳಿದರು. ಹೂಂ ಎಂದಳು.

ಶಾಲೆಯಿಂದ ಮಗಳು ಬಂದು ಲೆಕ್ಕ ಮಾಡಲು ಒಳಗೆ ಕುಳಿತಾಗ ಅವಳು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ಬಾದಾಮಿ ಮರ ಬೇಸರವಿಲ್ಲದೆ ಎಲೆ ಉದುರಿಸುತ್ತಿತ್ತು, ಅಂಗೈ ಅಗಲದ ಕೆಂಪು ಎಲೆಗಳು, ಬಿದ್ದಾಗ ಯಾರೋ ಚಪ್ಪಲಿ ಬಿಟ್ಟ ಸದ್ದು. ಹಿಂದಿನ ಮನೆಯ ಸಂಗೀತದ ಮೇಷ್ಟ್ರು ಗೋಡೆಯಾಚೆಯಿಂದ ಅವಳನ್ನು ಕಂಡು ಹತ್ತಿರ ಬಂದರು. ಮಕ್ಕಳಿಗೆ ಹಾಡು ಹೇಳಿಕೊಡುವ ಹಿರಿಯರು, ಮಾತಾಡುವಾಗಲೂ ಗಂಟಲನ್ನು ಗಾಜಿನ ಲೋಟದಂತೆ ಜೋಪಾನ ಮಾಡುವವರು. ರಜೆಯೇ, ಎಂದು ವಿಚಾರಿಸಿದರು, ಮಗಳ ಓದು ವಿಚಾರಿಸಿದರು. ಆಮೇಲೆ, ಹಾಲಿನ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳುವವರ ಹಾಗೆ ಕೇಳಿದರು:

"ಇವತ್ತು ಎಷ್ಟು ಹೊತ್ತಿಗೆ ಅಮ್ಮಾ? ಕಿಟಕಿ ಮುಚ್ಚೋಕೆ ಅಷ್ಟೇ. ಮಕ್ಕಳು ಹಾಡ್ತಾ ಇರ್ತಾರಲ್ಲ, ಮಧ್ಯದಲ್ಲಿ ಎದ್ದು ಮುಚ್ಚಿದ್ರೆ ಶ್ರುತಿ ತಪ್ಪುತ್ತೆ."

ಅವಳು ಬಟ್ಟೆಯ ರಾಶಿಯನ್ನು ಎದೆಗೆ ಒತ್ತಿಕೊಂಡು, ಇವತ್ತು ಇಲ್ಲ ಮೇಷ್ಟ್ರೇ, ಎಂದುಬಿಟ್ಟಳು. ಹೇಳಿದ ಮೇಲೆ ಗಾಬರಿಯಾಯಿತು. ಅವರು ಹೌದೇ ಎಂದು ಸಂತೋಷಪಟ್ಟು, ಪಾಪ ನಿಮ್ಮ ಅತ್ತೆಗೆ ಮೈ ಹುಷಾರಿಲ್ಲವೇ, ಎಂದು ಕಳವಳದಿಂದ ವಿಚಾರಿಸಿದರು.

ಅತ್ತೆಯ ಮೈ ಹುಷಾರಾಗೇ ಇತ್ತು. ಅವಳು ಒಳಗೆ ಬಟ್ಟೆ ಮಡಚುತ್ತಿದ್ದಾಗ ಹಿತ್ತಲಲ್ಲಿ ಕಸಬರಿಕೆಯ ಸದ್ದು ಕೇಳಿತು, ಉದ್ದನೆಯ, ನಿಧಾನವಾದ, ಒಂದಕ್ಕೊಂದು ತಾಕದ ಬೀಸುಗಳು. ಅವಳು ಬಾಗಿಲಿಗೆ ಬಂದಳು. ಅತ್ತೆ ಮರದ ಬುಡದಿಂದ ಎಲೆಗಳನ್ನು ಎಳೆದು ಎಳೆದು ಮೂಲೆಗೆ ತರುತ್ತಿದ್ದರು. ಬೆನ್ನು ನೆಟ್ಟಗಾಗಿಸದೆ ಇಡೀ ಅಂಗಳ ದಾಟುವ ಆ ನಡಿಗೆಯನ್ನು ಅವಳು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಕೆಲಸದ ದಿನ ಈ ಹೊತ್ತಿಗೆ ಅವಳು ಮನೆಯಲ್ಲಿ ಇದ್ದವಳಲ್ಲ, ರಜೆಯ ದಿನ ಅತ್ತೆ ಎಲೆ ಮುಟ್ಟುತ್ತಿರಲಿಲ್ಲ. ಹಗಲೆಲ್ಲ ಅಡುಗೆಮನೆಯಲ್ಲಿ ಮೊಳಕೈ ಮೈಗಂಟಿಸಿಕೊಂಡು, ಇನ್ನೊಬ್ಬರ ದಾರಿಗೆ ಅಡ್ಡ ಬರದಂತೆ ಓಡಾಡುವ ಅತ್ತೆ ಇಲ್ಲಿ ಕೈ ಬೀಸುತ್ತಿದ್ದರು. ಮುಖದಲ್ಲಿ ಒಂದು ಬಿಡುವು ಇತ್ತು. ರಾಶಿ ಆಯಿತು. ಅದರ ಅಂಚನ್ನು ಪೊರಕೆಯಿಂದ ತಟ್ಟಿ ದುಂಡಗೆ ಮಾಡಿದರು, ತಟ್ಟೆಯಲ್ಲಿ ಅನ್ನ ಕೂಡಿಸಿದಂತೆ. ಕಿಟಕಿಯ ಕಂಡಿಯಿಂದ ಬೆಂಕಿಪೊಟ್ಟಣ ತೆಗೆದರು. ಆಮೇಲೆ ತಿರುಗಿ ಅವಳನ್ನು ನೋಡಿದರು. ಮರೆಮಾಡಲಿಲ್ಲ. ಇಷ್ಟು ದಿನ ಇಬ್ಬರೂ ಸೇರಿ ಎತ್ತಿಹಿಡಿದಿದ್ದ ಪರದೆಯ ತಮ್ಮ ತುದಿಯನ್ನು ಅತ್ತೆ ಮೊದಲು ಬಿಟ್ಟರು ಎನಿಸಿತು. ಈಗ ಹೇಳಬೇಕು. ಅವಳು ಬಾಯಿ ತೆರೆದಳು. ಬಾಯಿಂದ ಬಂದದ್ದು ಗಾಡಿಯ ದನಿ. ಮೆತ್ತಗೆ, ಸ್ಪಷ್ಟವಾಗಿ, ಯಾರ ಮೇಲೂ ಸಿಟ್ಟಿಲ್ಲದೆ, ಪದಪದಕ್ಕೂ ಜಾಗ ಬಿಟ್ಟು.

"ಅತ್ತೆ, ಹಿತ್ತಲು ನಮ್ಮದಾದರೂ ಗಾಳಿ..."

ಅಲ್ಲಿಗೇ ನಿಂತಿತು. ಕಿವಿಗೆ ಬಿದ್ದ ತನ್ನ ದನಿಗೆ ಅವಳೇ ಹೇಸಿದಳು. ಚಪ್ಪಲಿ ತಂದಿಟ್ಟು ಹೋಗು ಎಂದವರ ಮುಂದೆ ನಿಂತು ಮಾನ್ಯ ನಾಗರಿಕರೇ ಎನ್ನುವವಳು! ಅತ್ತೆ ಸಿಟ್ಟಾಗಲಿಲ್ಲ, ನಗಲೂ ಇಲ್ಲ.

"ಅದನ್ನ ನಾನು ದಿನಾ ಕೇಳ್ತೀನಿ," ಎಂದರು. "ನೀನು ಹೇಳು."

ಅವಳು ಹೇಳಿದಳು. ಮೆಟ್ಟಿಲ ಮೇಲೆ ಕುಸಿದು ಕುಳಿತು, ಮಧ್ಯದಿಂದ ಶುರುಮಾಡಿ ಹಿಂದಕ್ಕೆ ಹೋಗಿ, ಪೊರಕೆ ಹಿಡಿದು ತನ್ನ ದನಿ ಕಾದದ್ದರಿಂದ ಹಿಡಿದು ರೇಡಿಯೋ ಚಪ್ಪಲಿ ನೋಡಿದ್ದು, ಮೇಷ್ಟ್ರು ಕಿಟಕಿ ಮುಚ್ಚುವುದು, ಇಸ್ತ್ರಿಯವನು ಕೈ ಮುಗಿದದ್ದು, ಎಲ್ಲವನ್ನೂ ಹೇಳಿದಳು. ದನಿ ಎಲ್ಲೆಲ್ಲೋ ಒಡೆಯಿತು, ಮೂಗು ಸುರಿಯಿತು. ಯಾವ ಗಾಡಿಯೂ ಆ ದನಿಯನ್ನು ಹೊತ್ತು ತಿರುಗುತ್ತಿರಲಿಲ್ಲ. ಅತ್ತೆ ಬೆಂಕಿಪೊಟ್ಟಣವನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು. ಗಾಡಿಯ ಮಾತು ಬಂದಾಗ ಅವರ ಕೈ ನಿಂತಿತು.

"ಅವನು ಬೇಕಂತಲೇ ಕಡಿಮೆ ಮಾಡ್ತಿದ್ನಾ?"

ಹೌದು ಎಂದಳು.

"ನಾನು ಅಂದ್ಕೊಂಡಿದ್ದೆ," ಎಂದರು ಅತ್ತೆ, ಮಾತು ಹುಡುಕಿಕೊಂಡು, "ಮಾತು ಹೇಳಿದವಳ ಮನೆ ಇದು, ಅಲ್ಲಿ ಹೋಗಿ ಕೂಗಬಾರದು ಅಂತ ಮರ್ಯಾದೆಗೆ ಮೆಲ್ಲಗೆ ಹೇಳ್ತಾರೆ ಅಂತ. ಮಗನ ಹತ್ರಾನೂ ಹೇಳಿದ್ದೆ, ನೋಡೋ ನಿನ್ನ ಹೆಂಡತಿಗೆ ಎಷ್ಟು ಮರ್ಯಾದೆ ಕೊಡ್ತಾರೆ ಅಂತ."

ಆ ಕ್ಷಣ ಅವಳಿಗೆ ಅತ್ತೆಯ ಆರು ತಿಂಗಳ ಬೆಳಗುಗಳು ಒಟ್ಟಿಗೆ ಕಂಡವು. ಒಲೆ ಸಣ್ಣ ಮಾಡಿ, ಕುಕ್ಕರನ್ನು ಗದರಿ, ಕಿಟಕಿಯ ಸರಳು ಹಿಡಿದು ನಿಂತ ಮುದುಕಿ. ಬೀದಿಯ ತುದಿಯಿಂದ ಸೊಸೆಯ ದನಿ ಬರುವುದನ್ನು ಕೇಳಿ, ಅದು ತಮ್ಮ ಬಾಗಿಲಿಗೆ ಬಂದಾಗ ತಗ್ಗಿದ್ದನ್ನು ಕೇಳಿ, ಹೆಮ್ಮೆಯಿಂದ ಒಲೆ ದೊಡ್ಡದು ಮಾಡುವವರು. ನಿಯಮ ಇರುವುದು ಪ್ಲಾಸ್ಟಿಕ್ಕು ಗಿಡಬಳ್ಳಿ ಎಲ್ಲ ಒಟ್ಟು ಹಾಕಿ ಸುಡುವವರಿಗೆ, ಒಂದು ಬುಟ್ಟಿ ಎಲೆಗೆ ಯಾರು ಏನಂದಾರು ಎಂದು ಅತ್ತೆ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರಂತೆ. ಆದರೂ ಒಳಗೆ ಚುಚ್ಚುತ್ತಿತ್ತು, ಇಲ್ಲದಿದ್ದರೆ ಬುಟ್ಟಿ ಯಾಕೆ ಬೋರಲು ಹಾಕ್ತಿದ್ದೆ ಹೇಳು, ಎಂದು ತಾವೇ ಕೇಳಿದರು. ಆಮೇಲೆ ಎಲೆಯ ರಾಶಿಯನ್ನು ನೋಡುತ್ತ, ಅವಳಿಗೆಂದಲ್ಲದೆ, ಮರಕ್ಕೆ ಹೇಳುವವರಂತೆ ಹೇಳಿದರು:

"ಮನೇಲಿ ಯಾವ ಕೆಲಸ ಮುಗಿಯುತ್ತೆ ಹೇಳು. ತೊಳೆದಿಟ್ಟ ಪಾತ್ರೆ ಮತ್ತೆ ಎಂಜಲಾಗುತ್ತೆ. ಒಗೆದದ್ದು ಕೊಳೆಯಾಗುತ್ತೆ. ಬೇಯಿಸಿದ್ದು ತಿಂದು ಮತ್ತೆ ಹಸಿವು ಅಂತಾರೆ. ಇದೊಂದು ಮುಗೀತಿತ್ತು. ಹಚ್ಚಿದೆ, ನೋಡ್ತಾ ನಿಂತೆ, ಮುಗೀತು."

ಅವಳು ಕೌಂಟರಿನಲ್ಲಿ ಎಷ್ಟೋ ಜನರ ನೆಪಗಳನ್ನು ಕೇಳಿದ್ದಳು, ಎಲ್ಲಕ್ಕೂ ಅವಳ ಬಳಿ ಒಂದು ಮೆದು ಜವಾಬಿತ್ತು, ಇದಕ್ಕೆ ಇರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಉಂಡು ಮಲಗಿದವರ ದಣಿವು ಇವತ್ತು ಮೊದಲ ಸಲ ಮಾತಾಗಿ ಬಂದಿತ್ತು, ಅದೂ ಅದಕ್ಕಿದ್ದ ಒಂದೇ ಬಿಡುವನ್ನು ಅವಳು ಕಿತ್ತುಕೊಳ್ಳುತ್ತಿರುವಾಗ. ಬೇಡ ಅತ್ತೆ, ಇವತ್ತೊಂದು ದಿನ ಹಚ್ಚಿ, ಎನ್ನಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯಾಚೆ ಮಕ್ಕಳು ಹಾಡಲು ಶುರುಮಾಡಿದರು, ಕಿಟಕಿ ತೆರೆದೇ ಇತ್ತು. ಸಪ್ಪೆಯಾಗಿ, ಅಪಸ್ವರವಾಗಿ, ಖುಷಿಯಾಗಿ ಹಾಡುತ್ತಿದ್ದರು. ಅತ್ತೆ ಆ ಕಡೆ ಕತ್ತು ಹೊರಳಿಸಿ ಕೇಳಿದರು, ಇದೇ ಮೊದಲು ಕೇಳುವವರ ಹಾಗೆ. ನಿಜಕ್ಕೂ ಇದೇ ಮೊದಲಿರಬೇಕು. ಬೆಂಕಿಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ಒಳಗೆ ಇಡು, ಮಗು ಒಂದೇ ಕೂತಿದೆ ನೋಡು, ಎಂದರು. ಅವಳು ಒಳಗಿನಿಂದ ಇಣುಕಿದಾಗ ಅತ್ತೆ ಹಚ್ಚದ ರಾಶಿಯ ಮುಂದೆ ಕೋಲು ಹಿಡಿದು ಇನ್ನೂ ನಿಂತೇ ಇದ್ದರು. ಮೇಲಿನಿಂದ ಇನ್ನಷ್ಟು ಎಲೆ ಬೀಳುತ್ತಿತ್ತು.

ಮಾರನೆಯ ದಿನ ಕಚೇರಿಯಲ್ಲಿ ಅವಳ ಕೈಗೆ ಕೆಲಸ ಹತ್ತಲಿಲ್ಲ. ಬೆಳಗ್ಗೆ ಅತ್ತೆ ಎಂದಿನಂತೆ ಡಬ್ಬಿ ಕಟ್ಟಿಕೊಟ್ಟಿದ್ದರು, ಎಂದಿಗಿಂತ ಕಡಿಮೆ ಮಾತಾಡಿದ್ದರು. ಗೆದ್ದವಳಿಗೆ ಇರಬೇಕಾದ ಹಗುರ ಅವಳಲ್ಲಿ ಇರಲಿಲ್ಲ. ಯಾರದೋ ಕೈಯಿಂದ ಆಟದ ಸಾಮಾನು ಕಸಿದುಕೊಂಡು ಬಂದ ಭಾರ ಇತ್ತು. ಕೌಂಟರಿನ ಕಂಡಿಯ ಆಚೆ ಕೈಗಳು ಬರುತ್ತಿದ್ದವು, ಹೋಗುತ್ತಿದ್ದವು; ಅವಳು ಮುಖ ನೋಡದೆ ಏನಾಗಬೇಕಿತ್ತು ಎಂದು ಕೇಳಿ ಕೇಳಿ ಬಾಯಿ ಒಣಗಿತ್ತು. ಹಾಗೆ ಕೇಳಿದ ಒಂದು ಸಲ ಆಚೆಯಿಂದ ಬಂದ ದನಿಗೆ ಅವಳ ಪೆನ್ನು ನಿಂತಿತು.

"ನಮ್ಮನೆ ಹಿತ್ತಲಲ್ಲಿ ಎಲೆ ಸುಟ್ಟಿದೀನಿ ಮೇಡಂ. ಬೇಡ ಅಂತ ಹೇಳಿದ ಮೇಲೂ ಸುಟ್ಟಿದೀನಿ. ಅದನ್ನ ಬರ್ಕೊಳಿ."

ಅತ್ತೆ ಹೊರಗೆ ಹೋಗುವಾಗಿನ ಬಟ್ಟೆ ಉಟ್ಟಿದ್ದರು, ಕೈಚೀಲವನ್ನು ಎರಡೂ ಕೈಯಲ್ಲಿ ಎದುರಿಗೆ ಹಿಡಿದಿದ್ದರು. ಸಾಲಿನಲ್ಲಿ ನಿಂತು, ತಮ್ಮ ಸರದಿ ಕಾದು ಬಂದಿದ್ದರು. ಎಷ್ಟು ಹೊತ್ತಿನಿಂದಲೋ ಅವಳ ಬಗ್ಗಿದ ತಲೆಯನ್ನು ನೋಡುತ್ತ ಹತ್ತಿರವಾಗುತ್ತ ಬಂದಿದ್ದರು. ಅತ್ತೆ, ಎಂದು ಅವಳ ತುಟಿ ಅಲುಗಿತು. ಅತ್ತೆ ಕಣ್ಣಲ್ಲೇ ಬೇಡ ಎಂದರು. ಅವಳ ಬಿಳಿಚಿದ ಮುಖ ಕಂಡು ಸಾಹೇಬರು ಎದ್ದು ಬಂದರು. ಯಾರು, ಯಾತಕ್ಕೆ ಬಂದದ್ದೆಂದು ಗೊತ್ತಾಗುತ್ತಲೇ, ಅಯ್ಯೋ ಬನ್ನಿ ಅಮ್ಮ, ಒಳಗೆ ಬನ್ನಿ, ಟೀ ಕುಡೀರಿ, ಇದಕ್ಕೆಲ್ಲ ನೀವು ಬರಬೇಕಿತ್ತೇ, ಮನೆ ಮಾತು ಮನೇಲೇ ಮುಗಿಸ್ಕೊಂಡ್ರಾಯ್ತು, ಬಿಡಿ ಎಂದು ಸಡಗರಪಟ್ಟರು. ಅತ್ತೆ ಸಾಲಿನಿಂದ ಕದಲಲಿಲ್ಲ.

"ಇಸ್ತ್ರಿ ಅಂಗಡಿಯವನನ್ನ ಬಿಟ್ರಾ ಸಾರ್?"

ಸಾಹೇಬರು ಅವಳ ಕಡೆ ನೋಡಿದರು. ಅವಳು ಮೇಜಿನ ಕಡೆ ನೋಡಿದಳು.

"ಬಿಡ್ಲಿಲ್ಲ ಅಲ್ವಾ. ಹಾಗಾದ್ರೆ ನಂದೂ ಬರೀರಿ. ಮೊದಲನೇ ಸಲಕ್ಕೆ ಎಚ್ಚರಿಕೆ ಅಂತ ನಿಮ್ಮ ಗಾಡೀಲೇ ಹೇಳ್ತೀರಲ್ಲ, ಅದು ನನಗೆ ಸಿಗಬೇಕು. ಆಮೇಲೆ ನಿಮ್ಮ ಡ್ರೈವರ್ ನಮ್ಮನೆ ಮುಂದೆ ಸದ್ದು ಕಡಿಮೆ ಮಾಡೋ ಹಾಗಿಲ್ಲ. ಅವನು ಒಳ್ಳೇವನು, ಬೈಬೇಡಿ. ಹೇಳಿ ಅಷ್ಟೇ."

 ಅವಳು ಬರೆದಳು. ಬರೆಯುವಾಗ ಕೇಳಬೇಕಾದ್ದನ್ನೆಲ್ಲ ಕೇಳಿದಳು, ಅತ್ತೆ ಹೇಳಬೇಕಾದ್ದನ್ನೆಲ್ಲ ಹೇಳಿದರು. ಮನೆ ಎಲ್ಲಿ ಎಂದದ್ದಕ್ಕೆ ಬೀದಿ, ತಿರುವು, ಬಾದಾಮಿ ಮರ ಎಲ್ಲ ವಿವರಿಸಿದರು, ಅವಳು ಕಂಡೇ ಇಲ್ಲದ ಮನೆಯನ್ನು ಹೇಳುವ ಹಾಗೆ. ಏನನ್ನು ಸುಟ್ಟಿರಿ ಎಂದದ್ದಕ್ಕೆ ಎಲೆ ಎಂದರು. ಮತ್ತೆ ಸುಡುತ್ತೀರಾ ಎಂದು ಕೇಳುವುದು ನಿಯಮದಲ್ಲಿ ಇರಲಿಲ್ಲ, ಅವಳು ಕೇಳಲಿಲ್ಲ. ಅತ್ತೆ ಅಕ್ಷರ ಅಕ್ಷರ ಕೂಡಿಸಿ ಸಹಿ ಮಾಡಿದರು.  ಈ ಕಂಡಿಯ ಮುಂದೆ ನಿಂತು ಎಷ್ಟು ಜನ ತಮ್ಮ ದೊಡ್ಡಸ್ತಿಕೆ ಹೇಳಿಕೊಂಡಿದ್ದರು, ಯಾರ ಯಾರದೋ ಹೆಸರು ತಂದಿದ್ದರು, ಇಲ್ಲವೆಂದು ಆಣೆ ಮಾಡಿದ್ದರು. ಕರೆಯದೆ ಬಂದು, ತನ್ನ ತಪ್ಪನ್ನು ಅಂಗಡಿಯಲ್ಲಿ ಚಿಲ್ಲರೆ ಎಣಿಸಿಟ್ಟಂತೆ ಇಟ್ಟು, ರಸೀತಿ ಕೇಳಿದವರು ಇವರೊಬ್ಬರೇ. ತನ್ನನ್ನು ಒಂದು ದಿನ ಮನೆಯಿಂದ ಹೊರಗೆ ಕಳಿಸಿದವರು ಇವತ್ತು, ಅವಳು ಹೋದ ಜಾಗ ಎಂಥದಿರಬೇಕೆಂದು ತೋರಿಸಲು ತಾವೇ ಬಂದಂತಿತ್ತು. ಹೀಗೆಲ್ಲ ಆಮೇಲೆ ಯೋಚಿಸಿದಳು. ಆಗ ಮಾತ್ರ ಮೊಹರು ಒತ್ತಿ, ಕಾಗದವನ್ನು ಕಂಡಿಯಲ್ಲಿ ಸರಿಸಿ, ತಗೊಳ್ಳಿ ಎಂದಳು.

ಅತ್ತೆ ಹೊರಡಲಿಲ್ಲ. ಕಾಗದ ಮಡಚಿ ಚೀಲದಲ್ಲಿಟ್ಟು, ಗೋಡೆಯ ಬದಿಯ ಬೆಂಚಿನಲ್ಲಿ, ಕಾಯುವವರ ನಡುವೆ ಹೋಗಿ ಕುಳಿತರು. ಬಸ್ಸಿಗೆ ಹೊತ್ತಿತ್ತೋ, ಕಾಲು ಸೋತಿತ್ತೋ. ಅಥವಾ ಸುಮ್ಮನೆ, ಇವಳು ದಿನವೆಲ್ಲ ಹೋಗಿ ಮಾಡುವುದೇನು ಎಂದು ನೋಡಲಿಕ್ಕೋ. ಅವರು ಇಲ್ಲಿಗೆ ಬಂದದ್ದು ಇದೇ ಮೊದಲು. ಅವಳು ಮುಂದಿನವರನ್ನು ಕರೆದಳು. ಬಂದವನು ಆಳೆತ್ತರದ ಗೃಹಸ್ಥ. ತನ್ನ ಜಾಗ, ತನ್ನ ಮರ, ತನ್ನ ಬೆಂಕಿಪೊಟ್ಟಣ, ಇದರಲ್ಲಿ ನಿಮ್ಮದೇನು ಎಂದು ಶುರುಮಾಡಿದ. ಅವಳಿಗೆ ಅವನ ಮೇಲೆ ಎಂದಿನ ಅಸಮಾಧಾನ ಬರಲಿಲ್ಲ. ನಿಮ್ಮ ಹಿಂದಿನ ಮನೆಯಲ್ಲಿ ಯಾರಿದ್ದಾರೆ, ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಸಾಯಂಕಾಲ ಅವರು ಕಿಟಕಿ ಯಾವಾಗ ಮುಚ್ಚುತ್ತಾರೆ, ನೋಡಿದ್ದೀರಾ, ಎಂದಳು. ಗುರುವಾರದ ಚೀಲದ ಮಾತು ಹೇಳಿದಳು. ಎಲೆ ಗುಡಿಸೋದು ಬೇಸರದ ಕೆಲಸ ಸಾರ್, ಮುಗಿಸಿಬಿಡೋಣ ಅನ್ಸುತ್ತೆ, ಗೊತ್ತು ನನಗೆ, ಎಂದೂ ಹೇಳಿದಳು. ಅದನ್ನು ಹಿಂದೆ ಯಾರಿಗೂ ಹೇಳಿರಲಿಲ್ಲ. ಅವನಿಗೆ ಜಗಳದ ತುದಿ ಕೈಗೆ ಸಿಗಲಿಲ್ಲ. ಬೆಂಚಿನತ್ತ ತಿರುಗಿ, ವಯಸ್ಸಾದವರೆಂದು ಅತ್ತೆಯನ್ನೇ ನ್ಯಾಯಕ್ಕೆ ಹಿಡಿದ.

"ನೀವೇ ಹೇಳಿ ಅಜ್ಜಿ, ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ? ಈಯಮ್ಮ ಏನೇನೋ ಹೇಳ್ತಾರೆ."

ಅತ್ತೆ ಅವನ ಮುಖವನ್ನು ನೋಡಿದರು, ಆಮೇಲೆ ಕಂಡಿಯನ್ನು. ಮನೆಯಲ್ಲಿ ಅವಳು ನೀನು, ಇವಳು, ಕಣೇ, ಬಾರೇ. ಇಷ್ಟು ವರ್ಷದಲ್ಲಿ ಅದಲ್ಲದೆ ಬೇರೊಂದು ಮಾತಿನಿಂದ ಅತ್ತೆ ಅವಳನ್ನು ಕರೆದದ್ದಿಲ್ಲ, ಅವಳು ಬಯಸಿದ್ದೂ ಇಲ್ಲ.

"ಅವರು ಸರಿಯಾಗೇ ಹೇಳ್ತಿದಾರೆ," ಎಂದರು ಅತ್ತೆ. "ಅವರು ಹೇಳೋದನ್ನ ಪೂರ್ತಿ ಕೇಳಿಸ್ಕೊಳಿ."

ಅವಳು ತಲೆ ಬಗ್ಗಿಸಿ ಮೇಜಿನ ಮೇಲೆ ಮೊಹರನ್ನು ಹುಡುಕಿದಳು. ಅದು ಅವಳ ಕೈಯಲ್ಲೇ ಇತ್ತು.